ಮೊದಲ ಕೋವಿಯ ಅರ್ಜಿ ಎಲ್ಲಿ ಕೆಡುತ್ತದೆ

ಸಂಪಾದಕರಿಗೆ,

ಮಾನ್ಯರೇ,

ತೋಟಕ್ಕೆ ಹಂದಿ ನುಗ್ಗಿತು, ಗದ್ದೆಗೆ ಕಾಡುಕೋಣ ಇಳಿಯಿತು ಎಂಬ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಇನ್ನೊಂದು ಮಾತು ಕೇಳಿಬರುತ್ತದೆ: ‘ಕೋವಿಗೆ ಅರ್ಜಿ ಹಾಕಿ ಎಷ್ಟೋ ಕಾಲವಾಯಿತು, ಹೌದೆಂದೂ ಹೇಳುವುದಿಲ್ಲ, ಇಲ್ಲವೆಂದೂ ಹೇಳುವುದಿಲ್ಲ.’ ಈ ಅಳಲಿನಲ್ಲಿ ಹುರುಳಿದೆ. ಆದರೆ ಅರ್ಜಿ ಕೆಡುವುದು ಕಚೇರಿಯ ಮೇಜಿನ ಮೇಲೆ ಮಾತ್ರವಲ್ಲ, ಬರೆಯುವಾಗಲೇ ಕೆಟ್ಟು ಹೋದ ಅರ್ಜಿಗಳೂ ಇವೆ. ಮೊದಲ ಬಾರಿಗೆ ಕೋವಿ ಕೇಳುವವರಿಗೆ ಕಾನೂನು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕೆಂದು ಈ ಪತ್ರ.

ಯಾವ ಆಯುಧ ಕೇಳುತ್ತೀರಿ ಎಂಬುದೇ ಅರ್ಧ ತೀರ್ಮಾನ. 1959ರ ಆಯುಧ ಕಾಯ್ದೆಯ 13(3)ನೇ ಸೆಕ್ಷನ್ ಓದಿದರೆ ಇದು ಸ್ಪಷ್ಟ. ನಳಿಗೆಯ ಒಳಗೆ ಸುರುಳಿಗೆರೆ ಇಲ್ಲದ, ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಅಥವಾ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು ನಿಜವಾದ ಬೆಳೆ ರಕ್ಷಣೆಗೆ ಕೇಳಿದರೆ, ನಿರಾಕರಿಸಲು ಕಾರಣವಿಲ್ಲದಿರುವಾಗ ಪರವಾನಗಿ ‘ಕೊಡತಕ್ಕದ್ದು’ ಎಂಬ ಧಾಟಿಯಲ್ಲಿ ಕಾಯ್ದೆ ಮಾತಾಡುತ್ತದೆ. ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಕೇಳುವ ರೈಫಲ್ ಕೂಡ ಇದೇ ಗುಂಪಿಗೆ ಸೇರುತ್ತದೆ. ಪಿಸ್ತೂಲ್, ರಿವಾಲ್ವರ್ ಕೇಳಿದಿರೋ, ಲೆಕ್ಕ ಬದಲಾಯಿತು. ಅಲ್ಲಿ ಸಕಾರಣ ಇದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು, ಮನವರಿಕೆ ಮಾಡಿಸುವ ಹೊರೆ ಅರ್ಜಿದಾರನದು. ಎರಡು ಎಕರೆ ಅಡಿಕೆ, ಒಂದಿಷ್ಟು ಬಾಳೆ ಇರುವ ಕೃಷಿಕ ‘ಬೆಳೆ ರಕ್ಷಣೆ’ ಎಂದು ಬರೆದು ಪಕ್ಕದ ಕಲಮಿನಲ್ಲಿ .32 ರಿವಾಲ್ವರ್ ಎಂದು ತುಂಬಿದರೆ ಆ ಅರ್ಜಿ ತನ್ನನ್ನು ತಾನೇ ಸುಳ್ಳು ಮಾಡಿಕೊಂಡಂತೆ. ಹಂದಿಗೆ ರಿವಾಲ್ವರ್ ಏಕೆ ಎಂದು ಠಾಣೆಯವರು ಕೇಳಿದರೆ ಅದು ಕಿರುಕುಳವಲ್ಲ.

ಕೇಪಿನ ಕೋವಿ ಸಾಲದೆಂದು ಅನಿಸುವವರಿಗೂ ಅದೇ ಸೆಕ್ಷನ್ನಿನಲ್ಲಿ ದಾರಿಯಿದೆ. ಅದು ಬೆಳೆ ಕಾಯಲು ಸಾಕಾಗುವುದಿಲ್ಲ ಎಂದು ಅಧಿಕಾರಿಗೆ ತೃಪ್ತಿಯಾದರೆ ತೋಟಾ (ಕಾರ್ಟ್ರಿಡ್ಜ್) ಹಾಕುವ ಒಂಟಿನಳಿಗೆ, ಜೋಡಿನಳಿಗೆ ಕೋವಿಗೂ ಪರವಾನಗಿ ಕೊಡಬಹುದು. ಏಕೆ ಸಾಲದು ಎಂಬುದನ್ನು ಅರ್ಜಿಯ ಜೊತೆಗಿನ ಪತ್ರದಲ್ಲಿ ನಾಲ್ಕು ಸಾಲು ಬರೆಯಬೇಕು, ಅಷ್ಟೇ. ಮಳೆಗಾಲದಲ್ಲಿ ಮದ್ದು ತೇವಗೊಳ್ಳುತ್ತದೆ, ಒಂದು ಈಡು ಹೊಡೆದ ಮೇಲೆ ಮತ್ತೆ ತುಂಬಲು ಹೊತ್ತು ಬೇಕು, ಜಮೀನು ಮನೆಯಿಂದ ಇಷ್ಟು ದೂರ ಎಂಬಂಥ ನೇರ ಸಂಗತಿಗಳು ಸಾಕು. ಪಹಣಿ, ಬೆಳೆ ಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರ ಕೇಳಿದ ಅರ್ಜಿಯ ಪ್ರತಿ, ಪರಿಹಾರ ಬಂದಿದ್ದರೆ ಅದರ ಆದೇಶ, ಇವು ಪುಟಗಟ್ಟಲೆ ವಿವರಣೆಗಿಂತ ಹೆಚ್ಚು ತೂಗುತ್ತವೆ. ಬೆಳೆ ಹಾನಿಯಾದಾಗಲೆಲ್ಲ ‘ಪರಿಹಾರ ಎಷ್ಟು ಬಂದೀತು’ ಎಂದು ಉದಾಸೀನ ಮಾಡಿ ಅರ್ಜಿಯನ್ನೇ ಕೊಡದವರು ಕೋವಿ ಕೇಳುವ ಹೊತ್ತಿಗೆ ಬರಿಗೈಯಲ್ಲಿ ನಿಲ್ಲುತ್ತಾರೆ.

ಕೊಡಗಿನ ಮಾತು ಬೇರೆ. ಅಲ್ಲಿನ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದೆ. ಅದನ್ನು ತೋರಿಸಿ ‘ನಮಗೇಕಿಲ್ಲ’ ಎಂದು ಬೇರೆ ಜಿಲ್ಲೆಯ ಅರ್ಜಿಯಲ್ಲಿ ಬರೆದರೆ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಯಾರು ಅರ್ಜಿ ಹಾಕುವಂತಿಲ್ಲ ಎಂಬುದನ್ನು 9ನೇ ಸೆಕ್ಷನ್ ಹೇಳುತ್ತದೆ. 21 ವರ್ಷ ತುಂಬಿರಬೇಕು. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾಗಿದ್ದರೆ ಕಾಯ್ದೆ ಹೇಳಿದ ಅವಧಿಯವರೆಗೆ ತಡೆ ಇರುತ್ತದೆ. ಹಳ್ಳಿಗಳಲ್ಲಿ ಹೆಚ್ಚು ಜನರಿಗೆ ಅರಿವಿಲ್ಲದ ತಡೆ ಇನ್ನೊಂದಿದೆ. ಬೇಲಿ ಜಗಳ, ನೀರಿನ ಜಗಳ ಠಾಣೆಗೆ ಹೋಗಿ ‘107 ಕೇಸು’ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಸೆಕ್ಷನ್) ಆಗಿ, ಶಾಂತಿ ಕಾಪಾಡುತ್ತೇನೆಂದು ಮುಚ್ಚಳಿಕೆ ಬರೆದುಕೊಡುವಂತೆ ಆದೇಶವಾಗಿದ್ದರೆ, ಆ ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ ಆ ವ್ಯಕ್ತಿ ಕೋವಿ ಹೊಂದುವಂತಿಲ್ಲ. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಸೆಕ್ಷನ್ನಿನ ಸಂಖ್ಯೆ ಬದಲಾಗಿದೆ, ಮುಚ್ಚಳಿಕೆಯ ಕ್ರಮ ಉಳಿದಿದೆ. ಬಾಕಿ ಇರುವ ಎಫ್‌ಐಆರ್ ತಾನಾಗಿಯೇ ಅನರ್ಹತೆಯಲ್ಲ, ಅದನ್ನು ಮುಚ್ಚಿಡುವುದು ಮಾತ್ರ ದೊಡ್ಡ ತಪ್ಪು. ಸಂಗತಿ ಮರೆಮಾಚಿ ಪಡೆದ ಪರವಾನಗಿಯನ್ನು 17ನೇ ಸೆಕ್ಷನ್ ಅಡಿ ಯಾವಾಗ ಬೇಕಾದರೂ ರದ್ದು ಮಾಡಬಹುದು. ಠಾಣೆಯ ದಾಖಲೆಯಲ್ಲಿ ಇರುವುದನ್ನೇ ನಮೂನೆಯಲ್ಲಿ ‘ಇಲ್ಲ’ ಎಂದು ಬರೆದವರಿಗೆ ಆಮೇಲೆ ಯಾವ ವಿವರಣೆಯೂ ನೆರವಾಗುವುದಿಲ್ಲ.

ಆಸ್ತಿಯ ಬಗ್ಗೆ ಒಂದು ತಪ್ಪು ನಂಬಿಕೆ ಬೇರೂರಿದೆ. ಜಮೀನು ಕಡಿಮೆ, ಆದಾಯ ಕಡಿಮೆ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದು 14(2)ನೇ ಸೆಕ್ಷನ್ ಖಂಡಿತವಾಗಿ ಹೇಳಿದೆ. ಸಣ್ಣ ಹಿಡುವಳಿದಾರರು ಇದನ್ನು ನೆನಪಿಟ್ಟುಕೊಳ್ಳಬೇಕು, ಶಿಫಾರಸು ಬರೆಯುವ ಅಧಿಕಾರಿಗಳೂ ನೆನಪಿಟ್ಟುಕೊಳ್ಳಬೇಕು.

ಅರ್ಜಿ 2016ರ ಆಯುಧ ನಿಯಮಗಳ ‘ಎ-1’ ನಮೂನೆಯಲ್ಲಿರಬೇಕು. ಕೇಂದ್ರ ಗೃಹ ಇಲಾಖೆಯ ಎನ್‌ಡಿಎಎಲ್-ಎಎಲ್‌ಐಎಸ್ ಜಾಲತಾಣದಲ್ಲಿ ಭರ್ತಿ ಮಾಡಿ, ಮುದ್ರಿತ ಪ್ರತಿಯನ್ನು ದಾಖಲೆಗಳ ಜೊತೆ ಜಿಲ್ಲಾಧಿಕಾರಿ ಕಚೇರಿಯ ದಂಡಾಧಿಕಾರ ಶಾಖೆಗೆ ಕೊಡುವುದು ಕ್ರಮ. ಬೆಂಗಳೂರು, ಮೈಸೂರು, ಮಂಗಳೂರಿನಂತಹ ಕಮಿಷನರೇಟ್ ವ್ಯಾಪ್ತಿಯಲ್ಲಿ ಪೊಲೀಸ್ ಆಯುಕ್ತರ ಕಚೇರಿಗೆ ಕೊಡಬೇಕು. ಬಿಳಿ ಹಿನ್ನೆಲೆಯ ಪಾಸ್‌ಪೋರ್ಟ್ ಅಳತೆಯ ನಾಲ್ಕು ಫೋಟೊ, ಹುಟ್ಟಿದ ದಿನಾಂಕ, ಗುರುತು ಮತ್ತು ವಾಸಸ್ಥಳದ ದಾಖಲೆ, ಕೋವಿಯನ್ನು ಸುರಕ್ಷಿತವಾಗಿ ಇಡುತ್ತೇನೆಂಬ ಮುಚ್ಚಳಿಕೆ, ‘ಎಸ್-3’ ನಮೂನೆಯ ವೈದ್ಯಕೀಯ ಪ್ರಮಾಣಪತ್ರ ಬೇಕು. ಈ ಪ್ರಮಾಣಪತ್ರದಲ್ಲೇ ಅರ್ಜಿಗಳು ಎಡವುತ್ತವೆ. ‘ಆರೋಗ್ಯವಾಗಿದ್ದಾರೆ’ ಎಂದು ವೈದ್ಯರು ಲೆಟರ್‌ಹೆಡ್ಡಿನಲ್ಲಿ ಒಂದು ಸಾಲು ಬರೆದರೆ ಸಾಲದು. ದೇಹದ ಜೊತೆಗೆ ಮನಸ್ಸಿನ ಆರೋಗ್ಯದ ಮಾತು ಇರಬೇಕು, ಮದ್ಯ ಅಥವಾ ಮಾದಕ ವಸ್ತುಗಳ ಮೇಲೆ ಅವಲಂಬನೆ ಇಲ್ಲವೆಂಬುದು ಪ್ರತ್ಯೇಕವಾಗಿ ನಮೂದಾಗಬೇಕು. ನಮೂನೆಯನ್ನು ಮುದ್ರಿಸಿಕೊಂಡೇ ಆಸ್ಪತ್ರೆಗೆ ಹೋದರೆ ಎರಡನೇ ಓಡಾಟ ತಪ್ಪುತ್ತದೆ. ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು ಇದ್ದರೆ ಮೊದಲೇ ಸರಿಮಾಡಿಸಿಕೊಳ್ಳಿ. ಜಮೀನು ಜಂಟಿ ಖಾತೆಯಲ್ಲಿದ್ದರೆ ಉಳಿದ ಖಾತೆದಾರರ ಒಪ್ಪಿಗೆ ಪತ್ರ ಜೊತೆಗಿರಲಿ.

2016ರ ನಿಯಮಗಳು ಸುರಕ್ಷತಾ ತರಬೇತಿಯನ್ನೂ ಕೇಳುತ್ತವೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯವರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳು ಇದಕ್ಕೆ ಒಳ್ಳೆಯ ದಾರಿ, ಆದರೆ ಶಿಬಿರ ಯಾವಾಗ ನಡೆಯುತ್ತದೆಂದು ಜಿಲ್ಲಾ ಕೇಂದ್ರದಿಂದ ಎಪ್ಪತ್ತು ಕಿಲೋಮೀಟರ್ ದೂರದ ಹೋಬಳಿಯವರಿಗೆ ತಿಳಿಯುವುದೇ ಕಷ್ಟ. ತಾಲ್ಲೂಕು ಮಟ್ಟದಲ್ಲಿ, ಕೊಯ್ಲಿನ ತಿಂಗಳು ಬಿಟ್ಟು, ಮೊದಲೇ ಪ್ರಕಟಣೆ ಕೊಟ್ಟು ಶಿಬಿರ ನಡೆಸಬೇಕೆಂಬುದು ನ್ಯಾಯವಾದ ಬೇಡಿಕೆ. ತರಬೇತಿಯನ್ನು ಕಾಗದಕ್ಕಾಗಿ ಮಾತ್ರ ಎಂದು ಎಣಿಸುವುದು ತಪ್ಪು. ಕೋವಿ ತುಂಬಿದೆಯೋ ಇಲ್ಲವೋ ಎಂದು ನೋಡುವ ಅಭ್ಯಾಸ, ಬೆರಳನ್ನು ಕುದುರೆಯಿಂದ (ಟ್ರಿಗರ್‌ನಿಂದ) ಹೊರಗಿಡುವ ಅಭ್ಯಾಸ, ನಳಿಗೆಯ ಬಾಯಿ ಎತ್ತ ಇದೆ ಎಂದು ಸದಾ ಗಮನಿಸುವ ಅಭ್ಯಾಸ ಪುಸ್ತಕ ಓದಿ ಬರುವುದಿಲ್ಲ.

ಆಮೇಲೆ ಪೊಲೀಸ್ ವರದಿ. ಇಲ್ಲಿಯೇ ಕಡತ ಮಲಗುವುದು. ಠಾಣೆಯಿಂದ 30 ದಿನದೊಳಗೆ ವರದಿ ಹೋಗಬೇಕು, ವರದಿ ಬಂದ 60 ದಿನದೊಳಗೆ ಪರವಾನಗಿ ಅಧಿಕಾರಿ ಕೊಡುತ್ತೇವೆಂದೋ ಇಲ್ಲವೆಂದೋ ತೀರ್ಮಾನಿಸಬೇಕು ಎಂದು ನಿಯಮಗಳು ಗಡುವು ಹಾಕಿವೆ. ಗಡುವಿನೊಳಗೆ ವರದಿ ಬಾರದಿದ್ದರೆ ಅದಕ್ಕಾಗಿ ಕಾಯದೆ ಆದೇಶ ಮಾಡುವ ಅಧಿಕಾರವನ್ನೂ ಕಾಯ್ದೆ ಕೊಟ್ಟಿದೆ. ಈ ಅಧಿಕಾರ ಬಳಕೆಯಾದದ್ದು ಕಾಣಸಿಗುವುದಿಲ್ಲ. ಅರ್ಜಿದಾರರು ಮಾಡಬಹುದಾದದ್ದು ಇಷ್ಟು: ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಮತ್ತು ಕಡತದ ಸಂಖ್ಯೆ ಪಡೆಯುವುದು, ಆ ಸಂಖ್ಯೆಯಿಂದ ಕಡತ ಯಾವ ದಿನ ಯಾವ ಕಚೇರಿಗೆ ಹೋಯಿತೆಂದು ಮಾಹಿತಿ ಹಕ್ಕಿನಡಿ ಕೇಳುವುದು. ಎಲ್ಲಿ ನಿಂತಿದೆ ಎಂದು ಗೊತ್ತಾದರೆ ಸಾಕು, ಅರ್ಧ ಸಮಸ್ಯೆ ಬಗೆಹರಿದಂತೆ. ಇನ್ನು ಸಿಬ್ಬಂದಿ ಮನೆಗೆ ಬಂದಾಗ ಕೋವಿ ಇಡುವ ಕಪಾಟು, ಅದರ ಬೀಗ ತೋರಿಸಲು ಸಿದ್ಧವಿರಲಿ. ಪರವಾನಗಿ ಬಂದ ಮೇಲೆ ಕಪಾಟು ಮಾಡಿಸಿದರಾಯಿತು ಎನ್ನುವವರ ಮುಚ್ಚಳಿಕೆಗೆ ಬೆಲೆ ಇರುವುದಿಲ್ಲ.

ಮಲೆನಾಡಿನ ಅರ್ಜಿಗಳಿಗೆ ದೊಡ್ಡ ತೊಡಕು ಅರಣ್ಯದ ದೂರದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹೊಸ ಆಯುಧ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಬೇಕು. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯ. ಭದ್ರಾ, ಶೆಟ್ಟಿಹಳ್ಳಿ, ಸೋಮೇಶ್ವರ, ಮೂಕಾಂಬಿಕಾ, ಪುಷ್ಪಗಿರಿ ಅಭಯಾರಣ್ಯಗಳು ಮತ್ತು ಕುದುರೆಮುಖ ಉದ್ಯಾನದ ಗಡಿಗಳನ್ನು ನಕ್ಷೆಯಲ್ಲಿ ಇಟ್ಟು ಸುತ್ತಲೂ ಹತ್ತು ಕಿಲೋಮೀಟರ್ ಗೆರೆ ಎಳೆದು ನೋಡಿ, ಎಷ್ಟು ಹಳ್ಳಿಗಳು ಒಳಗೆ ಬೀಳುತ್ತವೆಂದು ತಿಳಿಯುತ್ತದೆ. ‘ನಮ್ಮೂರಿಂದ ಗೇಟಿಗೆ ಹದಿನೆಂಟು ಕಿಲೋಮೀಟರ್’ ಎಂಬ ರಸ್ತೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಹಕ್ಕಿ ಹಾರುವ ದಾರಿಯ ಲೆಕ್ಕ ಬೇಕು. ಸಮ್ಮತಿ ಇಲ್ಲದೆ ಪೊಲೀಸ್ ವರದಿ ಎಷ್ಟೇ ಚೆನ್ನಾಗಿ ಬಂದರೂ ಕಡತ ಮುಂದೆ ಹೋಗದು. ಆದ್ದರಿಂದ ಜಮೀನಿನ ಸರ್ವೆ ನಂಬರಿನ ಜೊತೆಗೆ ಗಡಿಯಿಂದ ಇರುವ ದೂರವನ್ನು ವಲಯ ಅರಣ್ಯಾಧಿಕಾರಿಯಿಂದ ಬರಹದಲ್ಲಿ ಪಡೆದು ಅರ್ಜಿಗೆ ಮೊದಲೇ ಲಗತ್ತಿಸುವುದು ಜಾಣತನ. ಅಸಲಿಗೆ ಈ ಸಮ್ಮತಿಯನ್ನು ಒಂದು ಕಚೇರಿ ಇನ್ನೊಂದು ಕಚೇರಿಗೆ ಬರೆದು ತರಿಸಿಕೊಳ್ಳಬೇಕು. ರೈತ ಎರಡು ಇಲಾಖೆಗಳ ನಡುವೆ ಕಾಗದ ಹೊತ್ತು ತಿರುಗುವುದು ಯಾವ ನಿಯಮದಲ್ಲೂ ಇಲ್ಲ.

ನಿರಾಕರಣೆಯ ವಿಷಯದಲ್ಲಿ ನಮ್ಮವರು ತೀರಾ ಸೌಮ್ಯ. ಗುಮಾಸ್ತರು ಬಾಯಿಮಾತಿನಲ್ಲಿ ‘ಈಗ ಕೊಡುತ್ತಿಲ್ಲ’ ಎಂದರೆ ಹಿಂದಿರುಗುತ್ತಾರೆ. ಆದೇಶ ಲಿಖಿತವಾಗಿರಬೇಕು. ಕಾರಣ ದಾಖಲಿಸಬೇಕು, ಕೇಳಿದರೆ ಕಾರಣದ ಸಂಕ್ಷಿಪ್ತ ಹೇಳಿಕೆ ಕೊಡಬೇಕು, ಸಾರ್ವಜನಿಕ ಹಿತಕ್ಕೆ ಧಕ್ಕೆಯೆಂದು ಅಧಿಕಾರಿ ಭಾವಿಸಿದಾಗ ಮಾತ್ರ ಇದಕ್ಕೆ ವಿನಾಯಿತಿ. ‘ಶಿಫಾರಸು ಇಲ್ಲ’ ಎಂಬ ಎರಡು ಪದ ಕಾರಣವಾಗುವುದಿಲ್ಲ. ಲಿಖಿತ ಆದೇಶ ಕೈಸೇರಿದರೆ 18ನೇ ಸೆಕ್ಷನ್ ಅಡಿ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಆದೇಶವೇ ಇಲ್ಲದಿದ್ದರೆ ಮೇಲ್ಮನವಿಗೆ ನೆಲೆಯೇ ಇಲ್ಲ, ಅದಕ್ಕೇ ಬಾಯಿಮಾತಿನ ‘ಇಲ್ಲ’ ಇಷ್ಟು ಹಾನಿ ಮಾಡುತ್ತದೆ. ಕೋವಿ ಹೊಂದುವುದು ನಮ್ಮ ದೇಶದಲ್ಲಿ ಮೂಲಭೂತ ಹಕ್ಕಲ್ಲ ಎಂಬುದು ಸರಿ. ಕೊಟ್ಟ ಅರ್ಜಿಗೆ ಕಾನೂನಿನಂತೆ ಉತ್ತರ ಪಡೆಯುವುದು ಮಾತ್ರ ಹಕ್ಕೇ.

ಅನೇಕರ ಮೊದಲ ಕೋವಿ ಅಂಗಡಿಯಿಂದಲ್ಲ, ಅಜ್ಜನ ಕಾಲದಿಂದ ಬರುತ್ತದೆ. ಪರವಾನಗಿದಾರರು ತೀರಿಕೊಂಡ ದಿನದಿಂದ ಆ ಕೋವಿ ಮನೆಯಲ್ಲಿರುವುದು ಕಾನೂನಿಗೆ ಹೊರಗು. ಅದನ್ನು ಠಾಣೆಯಲ್ಲೋ ಪರವಾನಗಿ ಪಡೆದ ಕೋವಿ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆದು, ಆಮೇಲೆ ವಾರಸುದಾರರಾಗಿ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ನಿರಾಕ್ಷೇಪಣಾ ಅಫಿಡವಿಟ್ ಜೊತೆಗಿರಬೇಕು. ‘ತಿಥಿ ಮುಗಿಯಲಿ, ಪಾಲುಪಟ್ಟಿ ಆಗಲಿ’ ಎಂದು ಅಟ್ಟದ ಮೇಲೆ ವರ್ಷಗಟ್ಟಲೆ ಇಟ್ಟವರು ಪರವಾನಗಿಯಿಲ್ಲದ ಆಯುಧ ಇಟ್ಟುಕೊಂಡ ಅಪರಾಧಕ್ಕೆ ಸಿಲುಕುತ್ತಾರೆ, ಅದಕ್ಕೆ ಜೈಲು ಶಿಕ್ಷೆಯಿದೆ. ಹಿರಿಯರು ಬದುಕಿರುವಾಗಲೇ ವರ್ಗಾಯಿಸುವ ದಾರಿಯನ್ನು 2016ರ ನಿಯಮಗಳ 25ನೇ ನಿಯಮ ತೆರೆದಿಟ್ಟಿದೆ. ಅವರಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ ಹೊಂದಿ 25 ವರ್ಷವಾಗಿದ್ದರೆ, ವಾರಸುದಾರರ ಹೆಸರಿಗೆ ಪರವಾನಗಿ ಕೇಳಬಹುದು. ಕಣ್ಣು ಮಂಜಾದ, ಕೈ ನಡುಗುವ ಹಿರಿಯರ ಕೈಯಲ್ಲಿ ಕೋವಿ ಉಳಿಯುವುದಕ್ಕಿಂತ ಇದು ಎಲ್ಲ ರೀತಿಯಿಂದ ಮೇಲು. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ ಎಂಬುದೂ ಗಮನದಲ್ಲಿರಲಿ. ಪರವಾನಗಿಯ ಅವಧಿ ಅದೇ ತಿದ್ದುಪಡಿಯಿಂದ ಮೂರು ವರ್ಷದಿಂದ ಐದಕ್ಕೆ ಏರಿದೆ.

ಪರವಾನಗಿ ಕೈಗೆ ಬಂತೆಂದು ಪಕ್ಕದ ಮನೆಯ ಹಳೆಯ ಕೋವಿಯನ್ನು ಮರುದಿನವೇ ತರುವಂತಿಲ್ಲ. ಖಾಸಗಿ ವ್ಯಕ್ತಿ ಇನ್ನೊಬ್ಬ ಪರವಾನಗಿದಾರನಿಗೆ ಮಾರಬೇಕಾದರೆ ಕೊಳ್ಳುವವನ ಹೆಸರು, ವಿಳಾಸ ಸಮೇತ ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು ಎಂದು 5ನೇ ಸೆಕ್ಷನ್ ಹೇಳುತ್ತದೆ. ಕೊಂಡ ಮೇಲೆ ಕೋವಿಯ ಸಂಖ್ಯೆ, ಬೋರ್, ತಯಾರಕರ ಹೆಸರು ಪರವಾನಗಿ ಪುಸ್ತಕದಲ್ಲಿ ಸರಿಯಾಗಿ ದಾಖಲಾಗಿದೆಯೇ ಎಂದು ಅಂಕಿ ಅಂಕಿಯಾಗಿ ತಾಳೆ ನೋಡಿ. ಸವೆದ ಕೋವಿಯಲ್ಲಿ ಮೂರನ್ನು ಎಂಟೆಂದು ಓದಿ ಬರೆದ ತಪ್ಪು ನವೀಕರಣದ ವೇಳೆ ದೊಡ್ಡ ತಲೆನೋವಾಗುತ್ತದೆ.

ಹಳೆಯ ಜೋಡಿನಳಿಗೆಯನ್ನು ಕೊಳ್ಳುವಾಗ ಮರದ ಹಿಡಿಯ ಹೊಳಪು ನೋಡಿ ಮರುಳಾಗಬೇಡಿ. ಮುಂದಿನ ಮರದ ತುಂಡು ಬಿಚ್ಚಿ, ಕೋವಿ ಮುಚ್ಚಿ ನಳಿಗೆಯನ್ನು ಪಕ್ಕಕ್ಕೆ ಅಲುಗಿಸಿ ನೋಡಿ, ಗಡಗಡ ಎಂದರೆ ಕೀಲು ಸವೆದಿದೆ. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ಉಂಗುರದಂತಹ ನೆರಳು ಕಾಣುತ್ತದೆಯೇ ನೋಡಿ, ಅದು ಉಬ್ಬಿನ ಗುರುತು, ಅಂಥದ್ದು ಬೇಡವೇ ಬೇಡ. ಹೊರಮೈಯಲ್ಲಿ ಹೆಣೆದಂತಹ ಸುರುಳಿ ನಮೂನೆ ಇರುವ ಡಮಾಸ್ಕಸ್ ನಳಿಗೆಗಳು ಕಪ್ಪು ಮದ್ದಿನ ಕಾಲದವು, ಈಗಿನ ಹೊಗೆಯಿಲ್ಲದ ಮದ್ದಿನ ತೋಟಾಗಳನ್ನು ಅವುಗಳಲ್ಲಿ ಹಾರಿಸಬಾರದು. ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. 65 ಮಿ.ಮೀ. ತೋಟಾಕ್ಕೆಂದು ಕೊರೆದ ಹಳೆಯ 12 ಬೋರ್ ಕೋವಿಗೆ 70 ಮಿ.ಮೀ. ತೋಟಾ ಸಲೀಸಾಗಿ ಹೋಗುತ್ತದೆ, ಏಕೆಂದರೆ ಹಾರಿಸುವ ಮೊದಲು ಅದರ ಬಾಯಿ ಮಡಿಚಿಕೊಂಡು ಗಿಡ್ಡವಾಗಿರುತ್ತದೆ. ಹಾರಿದಾಗ ಆ ಮಡಿಕೆ ಬಿಚ್ಚಿಕೊಂಡು ನಳಿಗೆ ಕಿರಿದಾಗುವ ಜಾಗಕ್ಕೆ ಚಾಚುತ್ತದೆ, ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ತೋಟಾ ಒಳಗೆ ಹೋಯಿತೆಂದ ಮಾತ್ರಕ್ಕೆ ಅದು ಆ ಕೋವಿಯದ್ದಲ್ಲ. ನಳಿಗೆಯ ಬುಡದ ಗುರುತು ಓದಲು ಬಾರದಿದ್ದರೆ ಕೋವಿ ರಿಪೇರಿಯವರಿಂದ ಅಳತೆ ತೆಗೆಸಿ.

ಕೇಪಿನ ಕೋವಿ ಸರಳವೆಂದು ಕಂಡರೂ ತಪ್ಪನ್ನು ಕ್ಷಮಿಸದ ಆಯುಧ. ತುಂಬಿದ್ದು ಮರೆತು ಎರಡನೇ ಬಾರಿ ತುಂಬಿದರೆ, ಅಥವಾ ಮದ್ದಿಗೂ ಗುಂಡಿಗೂ ನಡುವೆ ಗಾಳಿ ಉಳಿಯುವಂತೆ ಅರೆಬರೆ ಗಿಡಿದರೆ ನಳಿಗೆ ಸಿಡಿಯಬಹುದು. ಗಿಡಿಯುವ ಸಲಾಕೆಗೆ ಎರಡು ಗುರುತು ಕೊರೆದಿಡಿ, ನಳಿಗೆ ಖಾಲಿ ಇದ್ದಾಗ ಎಲ್ಲಿಯವರೆಗೆ ಇಳಿಯುತ್ತದೆ, ಸರಿಯಾಗಿ ತುಂಬಿದಾಗ ಎಲ್ಲಿ ನಿಲ್ಲುತ್ತದೆ ಎಂದು. ಪಟಾಕಿಯಿಂದ ಬಿಚ್ಚಿದ ಮದ್ದನ್ನಾಗಲೀ ತೋಟಾದಿಂದ ತೆಗೆದ ಮದ್ದನ್ನಾಗಲೀ ಎಂದೂ ಹಾಕಬಾರದು. ಕೇಪು ಸಿಡಿದು ಈಡು ಹಾರದಿದ್ದರೆ ನಳಿಗೆಯನ್ನು ಕೂಡಲೇ ಇಣುಕಬೇಡಿ, ಒದ್ದೆ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಬಾಯಿಯನ್ನು ಜನರಿಲ್ಲದ ಕಡೆ ಹಿಡಿದು ಒಂದು ನಿಮಿಷವಾದರೂ ಕಾಯಬೇಕು.

ಮನೆಯಲ್ಲಿ ಕೋವಿ ಖಾಲಿಯಾಗಿ, ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಕಪಾಟಿನಲ್ಲಿರಲಿ. ತೋಟಾ ಬೇರೆ ಬೀಗದಲ್ಲಿ, ಕೀ ಬೇರೆ ಜಾಗದಲ್ಲಿ ಇರಲಿ. ರಾತ್ರಿ ಹಂದಿ ಬಂದೀತೆಂದು ತುಂಬಿಸಿ ಬಾಗಿಲ ಮೂಲೆಗೆ ಒರಗಿಸಿಡುವ ರೂಢಿಯನ್ನು ಎಷ್ಟು ಖಂಡಿಸಿದರೂ ಕಡಿಮೆ, ಬೆಳಿಗ್ಗೆ ಅದನ್ನು ಮೊದಲು ಮುಟ್ಟುವುದು ಮನೆಯ ಮಗು. ಮಳೆಗಾಲ ಪೂರ್ತಿ ಚರ್ಮದ ಚೀಲದಲ್ಲಿಟ್ಟರೆ ತೇವ ಹಿಡಿದು ತುಕ್ಕು ಬರುತ್ತದೆ. ಎಣ್ಣೆ ಬಟ್ಟೆಯಿಂದ ಒರೆಸಿ ಗಾಳಿಯಾಡುವಂತೆ ಇಟ್ಟು, ಹದಿನೈದು ದಿನಕ್ಕೊಮ್ಮೆ ನೋಡಬೇಕು.

ಇಷ್ಟೆಲ್ಲ ಆದ ಮೇಲೂ ಹೆಚ್ಚಿನವರಿಗೆ ಸ್ಪಷ್ಟವಾಗದ ಸಂಗತಿ ಒಂದಿದೆ. ಬೆಳೆ ರಕ್ಷಣೆಯ ಪರವಾನಗಿ ಪ್ರಾಣಿ ಕೊಲ್ಲುವ ಪರವಾನಗಿಯಲ್ಲ. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ (ಅನುಸೂಚಿ ಎಂದರೆ ರಕ್ಷಿತ ಪ್ರಾಣಿಗಳ ಪಟ್ಟಿ). ಬೆಳೆಗೆ ಹಾನಿ ಮಾಡುವ ಎರಡನೇ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಆದೇಶ ಬೇಕು. ಆನೆಯಂತಹ ಮೊದಲ ಅನುಸೂಚಿಯ ಪ್ರಾಣಿಗಳಿಗೆ ಬೆಳೆ ಹಾನಿಯ ಕಾರಣಕ್ಕೆ ಅದೂ ಇಲ್ಲ. ಆದೇಶವಿಲ್ಲದೆ ಕೋವಿಗೆ ಉಳಿಯುವ ಕೆಲಸ ಸದ್ದು ಮಾಡಿ ಓಡಿಸುವುದು. ಇದನ್ನು ಅರ್ಜಿ ಹಾಕುವಾಗಲೇ ಒಪ್ಪಿಕೊಳ್ಳಲಾಗದವರು ಕೋವಿ ಕೇಳದಿರುವುದೇ ಒಳ್ಳೆಯದು. ಹಾಗೆಯೇ ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕೆಂದು ಅಜಾಗರೂಕವಾಗಿ ಗುಂಡು ಹಾರಿಸಿ ಜನರನ್ನು ಅಪಾಯಕ್ಕೆ ಒಡ್ಡಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕೊನೆಗೆ ಚುನಾವಣೆಯ ವೇಳೆ ಕೋವಿಯನ್ನು ಠೇವಣಿ ಇಡಿಸಿಕೊಳ್ಳುವ ವಿಷಯ. ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯುಳ್ಳವರು, ಗಲಭೆಗಳಲ್ಲಿ ಭಾಗಿಯಾದವರು ಯಾರೆಂದು ಪರಿಶೀಲನಾ ಸಮಿತಿ ನೋಡಿ ಠೇವಣಿ ಕೇಳಬೇಕೆಂಬುದು ಚುನಾವಣಾ ಆಯೋಗದ ಸೂಚನೆಯ ತಿರುಳು. ಎಲ್ಲ ಕೃಷಿಕರ ಕೋವಿಯನ್ನೂ ಒಟ್ಟಿಗೆ ತರಿಸಿಕೊಂಡರೆ ಬೆಳೆ ಕಾಯುವ ತಿಂಗಳುಗಳಲ್ಲಿ ತೋಟ ಬರಿದಾಗಿ ಬಿದ್ದಿರುತ್ತದೆ. ವಿನಾಯಿತಿ ಕೇಳುವವರು ನೋಟಿಸ್ ಬಂದ ಕೂಡಲೇ ಪಹಣಿ ಮತ್ತು ಪರವಾನಗಿಯ ಪ್ರತಿ ಇಟ್ಟು ಸಮಿತಿಗೆ ಬರೆದುಕೊಡಬೇಕು, ಠಾಣೆಯ ಬಾಗಿಲಲ್ಲಿ ವಾದಿಸಿ ಫಲವಿಲ್ಲ. ಠೇವಣಿ ಇಡಲೇಬೇಕಾದರೆ ಕೋವಿಯ ಸಂಖ್ಯೆ, ನಳಿಗೆ ಮತ್ತು ಹಿಡಿಯ ಸ್ಥಿತಿ, ದಿನಾಂಕ ಬರೆದು ಮೊಹರು ಹಾಕಿದ ರಸೀದಿ ಪಡೆಯಿರಿ. ಒಪ್ಪಿಸುವ ಮೊದಲು ನಳಿಗೆಗೆ ಎಣ್ಣೆ ಹಚ್ಚಿ, ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಇಂತಿ,
ಒಬ್ಬ ಕೃಷಿಕ ಓದುಗ, ತೀರ್ಥಹಳ್ಳಿ